ಹಾಸನದಲ್ಲಿದ್ದು ಸಿನಿಮಾ ಮತ್ತು ಮಾಧ್ಯಮ ಓದುವ ಬಗೆ

ಪಿಯುಸಿ ಮುಗಿಸಿ ಸಿನಿಮಾ ಕಲಿಯುತ್ತೇನೆಂದು ಹೇಳುವ ಮಕ್ಕಳಿಗೆ ಮನೆಯಲ್ಲಿ ಮೊದಲು ಎದುರಾಗುವುದು ಬೆಂಗಳೂರಿನ ಶುಲ್ಕ ಮತ್ತು ಬಾಡಿಗೆಯ ಲೆಕ್ಕ. ಆ ಲೆಕ್ಕ ಹೊಂದದಿದ್ದರೆ ಆಸೆಯನ್ನೇ ಕೈಬಿಡಬೇಕಾಗಿಲ್ಲ. ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ಸಿನಿಮಾ ಸಾಮಾನ್ಯವಾಗಿ ಬಿ.ಎ. ಪದವಿಯ ಪತ್ರಿಕೋದ್ಯಮ ವಿಷಯದ ಒಂದು ಭಾಗವಾಗಿ ಬರುತ್ತದೆ. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಈ ಮೂರು ವರ್ಷಗಳನ್ನು ಕ್ಯಾಮೆರಾಕ್ಕಿಂತ ಹೆಚ್ಚಾಗಿ ನೋಡುವುದಕ್ಕೆ, ಕೇಳುವುದಕ್ಕೆ, ಬರೆಯುವುದಕ್ಕೆ ಕೊಟ್ಟವರೇ ಮುಂದೆ ಗಟ್ಟಿಯಾಗಿ ನಿಲ್ಲುತ್ತಾರೆಂಬುದು ಈ ವಿಷಯವನ್ನು ಪಾಠ ಮಾಡುತ್ತಾ ನಾನು ಕಂಡುಕೊಂಡದ್ದು.

ಸೇರುವ ಮೊದಲು ಕಾಲೇಜಿನ ಕೈಪಿಡಿಯಲ್ಲಿರುವ ಸ್ಟುಡಿಯೊ ಚಿತ್ರವನ್ನು ನೋಡಿ ತೀರ್ಮಾನಿಸಬೇಡಿ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕಂಡು, ಅವರು ತಾವೇ ಚಿತ್ರೀಕರಿಸಿ ಸಂಕಲಿಸಿದ ಕೆಲಸ ಎಷ್ಟು ನಿಮಿಷದ್ದೆಂದು ಕೇಳಿ. ಪತ್ರಿಕೋದ್ಯಮದ ಜೊತೆಗೆ ಕನ್ನಡ ಸಾಹಿತ್ಯ, ಇತಿಹಾಸ ಅಥವಾ ಸಮಾಜಶಾಸ್ತ್ರವನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೇಳುವುದಕ್ಕೆ ವಿಷಯವಿಲ್ಲದವನಿಗೆ ತಂತ್ರ ಎಷ್ಟು ಗೊತ್ತಿದ್ದರೂ ಉಪಯೋಗವಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶನ, ಛಾಯಾಗ್ರಹಣದಂತಹ ಮುಖ್ಯ ಕೋರ್ಸುಗಳಿಗೆ ಯಾವುದಾದರೂ ಪದವಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆಯಬಹುದಾದ್ದರಿಂದ, ಹಾಸನದ ಬಿ.ಎ. ಆ ಬಾಗಿಲನ್ನು ಮುಚ್ಚುವುದಿಲ್ಲ. ಕ್ಯಾಮೆರಾ ಅಥವಾ ಧ್ವನಿಗ್ರಹಣವೇ ಬೇಕೆಂದು ಮನಸ್ಸು ಗಟ್ಟಿಯಾಗಿದ್ದರೆ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯ ಡಿಪ್ಲೊಮಾ ಬೇರೊಂದು ದಾರಿ.

ಇನ್ನು ಓದಿನ ತಿರುಳಿಗೆ ಬರೋಣ. ಒಂದು ಚಿತ್ರವನ್ನು ಮೂರು ಸಲ ನೋಡುವುದನ್ನು ಮೊದಲ ಸೆಮಿಸ್ಟರ್‌ನಲ್ಲೇ ರೂಢಿ ಮಾಡಿಕೊಳ್ಳಿ. ಮೊದಲ ಸಲ ಸಾಮಾನ್ಯ ಪ್ರೇಕ್ಷಕರಂತೆ ಪೂರ್ತಿ ನೋಡಿ. ಎರಡನೆಯ ಸಲ ಐದು ನಿಮಿಷದ ಒಂದೇ ಒಂದು ದೃಶ್ಯವನ್ನು ಶಬ್ದವಿಲ್ಲದೆ ನೋಡುತ್ತಾ, ಪ್ರತಿಯೊಂದು ಶಾಟ್ ಎಲ್ಲಿ ಕತ್ತರಿಸುತ್ತದೆ, ಕ್ಯಾಮೆರಾ ಎಷ್ಟು ಹತ್ತಿರದಲ್ಲಿದೆ, ಚೌಕಟ್ಟಿನೊಳಗೆ ಯಾರಿದ್ದಾರೆ, ಯಾರನ್ನು ಹೊರಗಿಡಲಾಗಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಳ್ಳಿ. ಮೂರನೆಯ ಸಲ ಪರದೆಗೆ ಬೆನ್ನು ಮಾಡಿ ಕುಳಿತು ಅದೇ ದೃಶ್ಯವನ್ನು ಕೇಳಿ. ಮಾತಿನ ಹಿಂದೆ ಬಾವಿಯ ರಾಟೆ, ನಾಯಿ, ಬಸ್ಸು, ಮೌನ ಏನೇನಿತ್ತೆಂಬುದು ಆಗ ಮಾತ್ರ ಕಿವಿಗೆ ಬೀಳುತ್ತದೆ.

ಯಾವ ಚಿತ್ರದಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾನು ‘ತಬರನ ಕಥೆ’ಯನ್ನು ಸೂಚಿಸುತ್ತೇನೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಚಿತ್ರವದು. ಕತೆಯನ್ನು ಮೊದಲು ಓದಿ, ಅನಂತರ ಚಿತ್ರ ನೋಡಿ, ಕತೆಗಾರ ಒಂದು ವಾಕ್ಯದಲ್ಲಿ ದಾಟಿಹೋದ ಜಾಗದಲ್ಲಿ ನಿರ್ದೇಶಕ ಎಷ್ಟು ಹೊತ್ತು ನಿಂತಿದ್ದಾರೆಂದು ಗುರುತು ಮಾಡಿಕೊಳ್ಳಿ. ಬಳಿಕ 1970ರ ‘ಸಂಸ್ಕಾರ’ವನ್ನು ಕಾದಂಬರಿಯ ಜೊತೆಗಿಟ್ಟು ನೋಡಿ. ಅದರ ಚಿತ್ರೀಕರಣ ನಡೆದದ್ದು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ. ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿದ್ದ ಆ ಚಿತ್ರವೇ ಕನ್ನಡಕ್ಕೆ ಅತ್ಯುತ್ತಮ ಚಿತ್ರದ ಮೊದಲ ರಾಷ್ಟ್ರಪ್ರಶಸ್ತಿ ತಂದಿತು. ಚಿಕ್ಕಮಗಳೂರಿನ ವಿದ್ಯಾರ್ಥಿ ಬಸ್ಸು ಹತ್ತಿ ಆ ಊರಿಗೇ ಹೋಗಿ, ಛಾಯಾಗ್ರಾಹಕ ಎಲ್ಲಿ ನಿಂತಿರಬಹುದೆಂದು ಹುಡುಕಬಹುದು. ಈ ಅನುಕೂಲ ಮಹಾನಗರದ ವಿದ್ಯಾರ್ಥಿಗಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪಠ್ಯಗಳನ್ನು ಕಂಡು ಹಿಂಜರಿಯುತ್ತಾರೆ. ಅವರಿಗೆ ನನ್ನ ಸಲಹೆಯಿಷ್ಟೆ: ಕ್ಲೋಸ್‌ಅಪ್, ಪ್ಯಾನ್, ಕಟ್ ಮುಂತಾದ ಪದಗಳನ್ನು ಹಾಗೆಯೇ ಇಟ್ಟುಕೊಂಡು ವಿಚಾರವನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ‘ಛಾಯಾಗ್ರಹಣ ಚೆನ್ನಾಗಿದೆ’ ಎಂಬುದು ವಿಮರ್ಶೆಯಲ್ಲ. ‘ಅಧಿಕಾರಿ ಮಾತನಾಡುವಾಗಲೂ ಕ್ಯಾಮೆರಾ ಎದುರಿಗೆ ನಿಂತ ಮುದುಕನ ಮೇಲೆಯೇ ಇರುವುದರಿಂದ, ಆ ಮಾತು ಅವನಿಗೆ ತಾಕಿದ ಬಗೆ ನಮಗೆ ಕಾಣುತ್ತದೆ’ ಎಂಬುದು ವಿಮರ್ಶೆ.

ಎರಡನೆಯ ವರ್ಷದಲ್ಲಿ ಚಿತ್ರೀಕರಣಕ್ಕೆ ಇಳಿಯಿರಿ. ಅದಕ್ಕೆ ಸಾಲ ಮಾಡಿ ಕ್ಯಾಮೆರಾ ಕೊಳ್ಳುವುದು ಬೇಡ, ಕೈಯಲ್ಲಿರುವ ಫೋನ್ ಸಾಕು. ಸೆಕೆಂಡಿಗೆ 25 ಫ್ರೇಮು, ಶಟರ್ ವೇಗ 1/50 ಎಂದು ಹೊಂದಿಸಿಕೊಂಡರೆ, ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ, ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುವುದು ತಪ್ಪುತ್ತದೆ. ಹೆಚ್ಚಿನ ಎಚ್ಚರ ಬೇಕಾದದ್ದು ಧ್ವನಿಯಲ್ಲಿ. ಒಮ್ಮೆ ನನ್ನ ವಿದ್ಯಾರ್ಥಿಗಳು ಸಕಲೇಶಪುರದ ಕಡೆ ಶೀಟಿನ ಮನೆಯೊಂದರಲ್ಲಿ ಅಜ್ಜಿಯೊಬ್ಬರ ಸಂದರ್ಶನ ಮಾಡಿಕೊಂಡು ಬಂದರು. ಮಳೆಯ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಮತ್ತೆ ಹೋದಾಗ ಅಜ್ಜಿ ಹೇಳಿದರು, ಆದರೆ ಮೊದಲ ದಿನ ಹೇಳಿದಂತೆ ಹೇಳಲಿಲ್ಲ. ಆದ್ದರಿಂದ ಎರಡನೆಯ ಫೋನನ್ನು ಮಾತನಾಡುವವರ ಎದೆಯ ಹತ್ತಿರವಿಟ್ಟು ಬೇರೆಯಾಗಿ ಧ್ವನಿ ಹಿಡಿಯಿರಿ, ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಸಂಕಲನದಲ್ಲಿ ಎರಡನ್ನೂ ಹೊಂದಿಸುವುದು ಸುಲಭ. ಹೊರಡುವ ಮೊದಲು ಅದೇ ಕೋಣೆಯ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತುಗಳ ನಡುವಿನ ತೇಪೆಗೆ ಅದು ಬೇಕಾಗುತ್ತದೆ.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಚಿತ್ರೀಕರಿಸುವ ಆಸೆ ಹೆಚ್ಚಾಗಿದೆ. ಅಲ್ಲಿ ಟ್ರೈಪಾಡ್ ನಿಲ್ಲಿಸುವುದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕಾದ್ದರಿಂದ, ಕಾಲೇಜಿನ ಪತ್ರದೊಂದಿಗೆ ಬಹಳ ಮೊದಲೇ ಅರ್ಜಿ ಕೊಡಬೇಕು. ಹಾಗೆಯೇ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಚರ್ಚನ್ನು ಎಲ್ಲರೂ ಚಿತ್ರಿಸುತ್ತಾರೆ. ಅಣೆಕಟ್ಟಿನಿಂದ ಊರು ಬಿಟ್ಟ ಮನೆಗಳವರು ಈಗ ಎಲ್ಲಿದ್ದಾರೆಂದು ಕೇಳಿಕೊಂಡು ಹೋಗುವವರು ಕಡಿಮೆ, ನೀವು ಅಲ್ಲಿಗೆ ಹೋಗಿ.

ಮಾಧ್ಯಮ ಕಾನೂನಿನ ಪಾಠದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಮನಸ್ಸಿಟ್ಟು ಓದಿ ಮತ್ತು ನಿಮ್ಮ ಚಿತ್ರಕ್ಕೆ ಸಿನಿಮಾ ಹಾಡನ್ನು ಅಂಟಿಸುವ ಅಭ್ಯಾಸವನ್ನು ಬಿಡಿ. ರಜೆಯಲ್ಲಿ ಹಾಸನ ಆಕಾಶವಾಣಿಯಲ್ಲೋ ಸ್ಥಳೀಯ ಪತ್ರಿಕೆಯಲ್ಲೋ ಕೆಲಸ ಕಲಿಯಲು ಅವಕಾಶ ಕೇಳಿ.

ಮೂರನೆಯ ವರ್ಷದ ಕಿರುಸಾಕ್ಷ್ಯಚಿತ್ರವನ್ನು ಹತ್ತು ನಿಮಿಷಕ್ಕೆ ಮೀರಿಸಬೇಡಿ. ಮೂಲ ದೃಶ್ಯಗಳನ್ನು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿರಿಸಿ. ವಿಭಾಗಕ್ಕೆ ಒಪ್ಪಿಸುವ ಮೊದಲು ಚಿತ್ರವನ್ನು ಅದರಲ್ಲಿ ಮಾತನಾಡಿದವರ ಮನೆಯ ಜಗಲಿಯಲ್ಲಿ ಕುಳಿತು ಅವರಿಗೇ ತೋರಿಸಿ. ಅವರು ‘ಇದು ಹೀಗಲ್ಲ’ ಎಂದ ಕಡೆ ಮತ್ತೆ ಸಂಕಲನಕ್ಕೆ ಕುಳಿತುಕೊಳ್ಳಿ, ಅವರು ಹೇಳಿದ್ದನ್ನು ವರದಿಯ ಕೊನೆಯ ಪುಟದಲ್ಲಿ ಅವರ ಮಾತಿನಲ್ಲೇ ದಾಖಲಿಸಿ.