ಜನವರಿಯ ಚಳಿಯಲ್ಲಿ ದೋಸೆ ಹಿಟ್ಟು ಉಬ್ಬಿಸಿದ ನನ್ನ ಅನುಭವ

"ಕೆಮ್ನಿಟ್ಸ್‌ನಲ್ಲಿ ನವೆಂಬರ್ ಆದ ಮೇಲೆ ಹಿಟ್ಟು ಹುದುಗು ಬರಲ್ಲ, ಸುಮ್ನೆ ಇನೋ ಹಾಕ್ಕೋ." ಜರ್ಮನಿಯ ಈ ಊರಲ್ಲಿ ಓದುವ ನಮ್ಮ ಕನ್ನಡ ಹುಡುಗರೆಲ್ಲ ಇದನ್ನೇ ಹೇಳಿದ್ದರು. ಜನವರಿಯ ಒಂದು ಭಾನುವಾರ, ಹೊರಗೆ ಮೈನಸ್ ಏಳೋ ಎಂಟೋ ಡಿಗ್ರಿ ಇದ್ದಾಗ, ನನ್ನ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಎತ್ತಿತ್ತು. ಗ್ರೂಪ್‌ಗೆ ಫೋಟೋ ಹಾಕಿದೆ. ಮಧ್ಯಾಹ್ನದೊಳಗೆ ಹತ್ತು ಹನ್ನೆರಡು ಜನ "ಹೇಗೋ ಮಾಡ್ದೆ?" ಅಂತ ಕೇಳಿದರು.

ಅದಕ್ಕೂ ಮುಂಚೆ ಹಾಳಾದದ್ದನ್ನು ಹೇಳಬೇಕು. ವಿದ್ಯಾರ್ಥಿ ವೀಸಾಗೆ ಅಂತ ಒಂದು ವರ್ಷದ ಖರ್ಚನ್ನು ಮೊದಲೇ ಕಟ್ಟಿಡುವ ಜರ್ಮನಿಯ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಕೈಗೆ ಬರೋದು 992 ಯೂರೋ. ಅದರಲ್ಲಿ ಬಾಡಿಗೆ, ಇನ್ಶೂರೆನ್ಸ್ ಎಲ್ಲ ಆಗಬೇಕು. ನಾನು ದೋಸೆಯೊಂದಕ್ಕೇ ಹೆಚ್ಚುಕಡಿಮೆ 60 ಯೂರೋ ಕಳೆದೆ. ಸ್ಮೂದಿ ಮಾಡುವ ಬ್ಲೆಂಡರ್ 35 ಯೂರೋಗೆ ತಂದೆ. ಎರಡನೇ ಸಲ ಉದ್ದು ರುಬ್ಬುವಾಗಲೇ ಮೋಟರ್ ಸುಟ್ಟಿತು. ಊರಿಂದ ಮಿಕ್ಸಿ ತರಿಸಿಕೊಳ್ಳಿ. ವೋಲ್ಟೇಜ್ ಒಂದೇ, ಪ್ಲಗ್‌ಗೆ ಅಡಾಪ್ಟರ್ ಸಾಕು.

ಮೊದಲ ಹಿಟ್ಟನ್ನು ಅಡುಗೆಮನೆಯ ಹೀಟರ್ ಮೇಲಿಟ್ಟೆ. ಬೆಳಗ್ಗೆ ನೋಡಿದರೆ ಮೇಲಿನ ಕಿಟಕಿ ಪೂರ್ತಿ ತೆರೆದಿದೆ, ಹಿಟ್ಟು ಕಲ್ಲಿನ ಹಾಗೆ ತಣ್ಣಗಿದೆ. ಮನೆಯಲ್ಲಿ ಜೊತೆಗಿರುವ ಹುಡುಗಿಯ ಮೇಲೆ ವಿಪರೀತ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು. ಇಲ್ಲಿನ ಮನೆಗಳಲ್ಲಿ ಗಾಳಿ ಆಡೋದೇ ಇಲ್ಲ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿ ತೆರೆಯದಿದ್ದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ನನ್ನ ಬಾಡಿಗೆ ಕರಾರಿನಲ್ಲೇ ಅದು ಬರೆದಿತ್ತು. ನಾನು ಓದಿರಲಿಲ್ಲ.

ಎರಡನೆಯದನ್ನು ಓವನ್ ಒಳಗೆ ಇಟ್ಟು ಬಲ್ಬ್ ಹಾಕಿದೆ. ಮನೆಯಲ್ಲಿ ಜೊತೆಗಿರುವ ಇನ್ನೊಬ್ಬ ಪಿಜ್ಜಾಗೆ ಅಂತ ಓವನ್ ಬಿಸಿಗಿಟ್ಟ. ಪ್ಲಾಸ್ಟಿಕ್ ಡಬ್ಬಿ ಕರಗಿ ಹಿಟ್ಟೆಲ್ಲ ಜಾಲರಿಗೆ ಮೆತ್ತಿಕೊಂಡಿತು. ಮೂರನೇ ಸಲ ರಾತ್ರಿ ಹತ್ತೂವರೆಗೆ ಮಿಕ್ಸಿ ತಿರುಗಿಸಿದೆ. ಮರುದಿನ ಬಾಗಿಲಿಗೆ ಕೆಳಗಿನ ಮನೆಯವರ ಚೀಟಿ! ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಭಾನುವಾರವಾದರೆ ಇಡೀ ದಿನ, ಇಲ್ಲಿ ಜೋರು ಸದ್ದು ಮಾಡುವಂತಿಲ್ಲ. ರೂಹೆತ್ಸೈಟ್ ಅಂತಾರೆ. ನಾಲ್ಕನೆಯದು ಬಾಸ್ಮತಿಯಿಂದ ಹಾಳಾಯಿತು.

ಆಗೆಲ್ಲ ನಾನು ರಾತ್ರಿ ಒಂಬತ್ತಕ್ಕೆ ಅನ್ನ ಸಾರು ತಟ್ಟೆಗೆ ಹಾಕಿಕೊಂಡು ರೂಮಿಗೆ ಹೋಗುತ್ತಿದ್ದೆ. ಮನೆಯಲ್ಲಿ ಜೊತೆಗಿರುವ ಉಳಿದ ಮೂವರು ಆರೂವರೆಗೇ ಬ್ರೆಡ್, ಚೀಸ್, ಉಪ್ಪು ಸೌತೆಕಾಯಿ ಇಟ್ಟುಕೊಂಡು ಒಟ್ಟಿಗೆ ಕೂರುತ್ತಾರೆ. ಅದೇ ಆಬೆಂಟ್‌ಬ್ರೋಟ್. ತಣ್ಣಗಿನದ್ದು ಊಟವಾ ಅಂತ ನಾನು ಸೇರುತ್ತಲೇ ಇರಲಿಲ್ಲ. ಒಂದು ದಿನ ಕೂತೆ. ಕಿಟಕಿ ತೆರೆದ ಹುಡುಗಿಯೇ ನನ್ನ ಪಾತ್ರೆ ಬಗ್ಗೆ ಕೇಳಿದಳು. ವಿವರಿಸಿದೆ. "ಹುಳಿ ಹಿಟ್ಟು ತಾನೆ, ನಮ್ಮ ಬ್ರೆಡ್ಡಿಗೂ ಅದೇ" ಅಂದಳು. ಅವಳು ಎರ್ತ್ಸ್‌ಗೆಬಿರ್ಗೆ ಬೆಟ್ಟದ ಕಡೆಯವಳು. ಅವಳ ಅಜ್ಜಿ ಹಾಲನ್ನದ ಪಾತ್ರೆಯನ್ನು ಒಂದು ಕುದಿ ಬಂದ ಮೇಲೆ ಪೇಪರ್ ಸುತ್ತಿ, ಪುಕ್ಕದ ರಜಾಯಿ ಹೊದಿಸಿ ಹಾಸಿಗೆಯಲ್ಲೇ ಇಡುತ್ತಿದ್ದರಂತೆ. ಉರುವಲು ಉಳಿಯುತ್ತಿತ್ತು, ಅನ್ನವೂ ಬೇಯುತ್ತಿತ್ತು. ಹೇಳಿ ತನ್ನ ಬಿಸಿನೀರಿನ ಚೀಲ ತಂದುಕೊಟ್ಟಳು.

ಈಗ ಮಾಡೋದು ಹೀಗೆ. ಅಕ್ಕಿಗೆ ಸೂಪರ್‌ಮಾರ್ಕೆಟ್‌ನ ಮಿಲ್ಶ್‌ರೈಸ್ ತರುತ್ತೇನೆ. ಪಾಯಸದ ಗುಂಡಕ್ಕಿ, ಅರ್ಧ ಕೆಜಿಗೆ ಸುಮಾರು ಒಂದು ಯೂರೋ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಹಿಡಿ ಅವಲಕ್ಕಿ. ಉಗುರು ಬೆಚ್ಚಗಿನ ನೀರಲ್ಲೇ ರುಬ್ಬುತ್ತೇನೆ. ಸ್ಟೀಲ್ ಪಾತ್ರೆಗೆ ಟವೆಲ್ ಸುತ್ತಿ, ಪಕ್ಕಕ್ಕೆ ಚೀಲ ಇಟ್ಟು, ಎಲ್ಲವನ್ನೂ ರಜಾಯಿಯಲ್ಲಿ ಮುಚ್ಚುತ್ತೇನೆ. ಕುದಿಯುವ ನೀರು ಬೇಡ, ಒಂದು ಪಕ್ಕ ಬೆಂದುಹೋಗುತ್ತದೆ. ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿದರೆ ಹದಿನಾಲ್ಕು ಗಂಟೆಯಲ್ಲಿ ಹಿಟ್ಟು ತಯಾರು. ಮೆಂತ್ಯ ಎಷ್ಟು, ಯಾವಾಗ ನೆನೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಐದು ವಾರಗಳಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ.

ಒಮ್ಮೆ ಅವಳ ಬ್ರೆಡ್ ಹುಳಿಯನ್ನೇ ಎರಡು ಚಮಚ ಬೆರೆಸಿದೆ. ಬೇಗ ಉಬ್ಬಿತು, ಆದರೆ ದೋಸೆಗೆ ರೈ ವಾಸನೆ. ಅವರಿಗೆ ಇಷ್ಟವಾಯಿತು, ನನಗಿಲ್ಲ. ಅವರ ಜೊತೆ ಕೂತಿದ್ದರಿಂದ ಆದ ಇನ್ನೊಂದು ಲಾಭ ನವಿಲುಕೋಸಿನದು. ಇಲ್ಲಿ ಅದು ಕೋಲ್‌ರಾಬಿ, ಹಸಿಯಾಗಿಯೇ ಉಪ್ಪು ಹಾಕಿ ತಿನ್ನುತ್ತಾರೆ. ಅಂಗಡಿಯಲ್ಲೇ ಎಲೆ ಮುರಿದು ಡಬ್ಬಕ್ಕೆ ಹಾಕಿ ಹೋಗುತ್ತಾರೆ. ನಾನು ಆ ಎಲೆ ಆರಿಸುತ್ತಿದ್ದಾಗ ಒಬ್ಬ ಅಜ್ಜಿ "ಮೊಲ ಸಾಕಿದ್ದೀಯಾ?" ಅಂತ ಪ್ರೀತಿಯಿಂದ ಕೇಳಿ, ತಮ್ಮ ಎಲೆಯನ್ನೂ ಕೊಟ್ಟರು. ಕಾಯಿ ತುರಿ ಹಾಕಿದ ಸೊಪ್ಪಿನ ಪಲ್ಯ, ಪುಕ್ಕಟೆ.

ಅಮ್ಮ ಕೊಟ್ಟ ತುಪ್ಪ ತರಬೇಡಿ. ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಯೂನಿಯನ್ನಿಗೆ ತರುವಂತಿಲ್ಲ. ಇಲ್ಲಿ ಬುಟರ್‌ಶ್ಮಾಲ್ಟ್ಸ್ ಅನ್ನೋ ಕಾಯಿಸಿದ ಬೆಣ್ಣೆ ಸಿಗುತ್ತದೆ. ಸ್ವಲ್ಪ ಕಾಯಿಸಿ ಒಂದೆರಡು ಕರಿಬೇವು ಹಾಕಿದರೆ ನಮ್ಮ ತುಪ್ಪಕ್ಕೆ ತುಂಬಾ ಹತ್ತಿರ.

ಶನಿವಾರ ಸಂಜೆ ನಾಲ್ಕಕ್ಕೆ, ಕೆಳಗಿನ ಮನೆಯವರಿಗೆ ಹೇಳಿಯೇ ರುಬ್ಬುತ್ತೇನೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನಾಲ್ಕೂ ಜನ ಮನೆಯಲ್ಲೇ ಇರುತ್ತೇವೆ. ಸುಮಾರು 25 ದೋಸೆ ಆಗುತ್ತದೆ. ಮೊದಲ ಎರಡು ಬಿಸಿಬಿಸಿಯಾಗಿ ಕೆಳಗಿನ ಮನೆಗೆ ಹೋಗುತ್ತವೆ.