ಸುರತ್ಕಲ್ ಬಂಡೆಗಳಲ್ಲಿ ಹಸಿರು ಕಡಲ ಹುಳು ಹುಡುಕುವುದು ಹೇಗೆ?

ಮೊದಲು ಕ್ಯಾಲೆಂಡರ್ ನೋಡಿ. ಹುಣ್ಣಿಮೆ ಅಥವಾ ಅಮಾವಾಸ್ಯೆ, ಅದಾಗಿ ಒಂದೆರಡು ದಿನ, ಅಷ್ಟೇ ನಮಗೆ ಬೇಕಾದದ್ದು, ಯಾಕೆಂದರೆ ಆಗ ನೀರು ಚೆನ್ನಾಗಿ ಇಳಿದು ಸುರತ್ಕಲ್ ಲೈಟ್‌ಹೌಸ್ ಹತ್ತಿರದ ಬಂಡೆಗಳೂ ಕಾಪುವಿನ ಬಂಡೆಗಳೂ ಬುಡದವರೆಗೆ ಕಾಣುತ್ತವೆ. ಇಳಿತದ ಸಮಯ ಮೊಬೈಲಲ್ಲೇ ಸಿಗುತ್ತದೆ. ನಮ್ಮಲ್ಲಿ ದಿನಕ್ಕೆ ಎರಡು ಸಲ ಇಳಿದರೂ ಎರಡೂ ಒಂದೇ ಮಟ್ಟದ್ದಲ್ಲ, ಜಾಸ್ತಿ ಇಳಿಯುವುದನ್ನೇ ಹಿಡಿಯಿರಿ, ಒಂದು ಗಂಟೆ ಮುಂಚೆಯೇ ಹೋಗಿ. ಮಳೆಗಾಲದಲ್ಲಿ ಮಾತ್ರ ಬೇಡ ಮಾರಾಯ್ರೆ. ಹವಾಯಿ ಚಪ್ಪಲಿಯೂ ಬೇಡ, ಪಾಚಿಯಲ್ಲಿ ಜಾರಿ ಮೊಣಕಾಲು ಕೆತ್ತಿಸಿಕೊಂಡವನ ಮಾತಿದು.

ಹುಳುವನ್ನು ಹುಡುಕಬೇಡಿ, ಸಿಗುವುದಿಲ್ಲ. ಪಾಚಿ ಹುಡುಕಿ. ಬಂಡೆ ಸಂದಿನ ಗುಂಡಿಗಳಲ್ಲಿ ನೀರು ನಿಂತಿರುತ್ತದಲ್ಲ, ಅಲ್ಲಿ ಗರಿಯಂತೆ, ಕೂದಲಂತೆ ಬೆಳೆದ ಕಡು ಹಸಿರು ಪಾಚಿಯ ಒಂದು ಚಿಟಿಕೆಯನ್ನು ಬಿಳಿ ಐಸ್‌ಕ್ರೀಂ ಡಬ್ಬಿಗೆ ಹಾಕಿ, ಅದೇ ಗುಂಡಿಯ ನೀರು ತುಂಬಿ, ನೆರಳಲ್ಲಿಟ್ಟು ಸುಮ್ನೆ ಕೂತುಬಿಡಿ. ಹತ್ತು ನಿಮಿಷ ಬೇಕು.

ಅಷ್ಟರಲ್ಲಿ ಈ ಹುಳುವಿನ ಕಥೆ ಹೇಳುತ್ತೇನೆ. ಇದು ಚಿಪ್ಪಿಲ್ಲದ ಬಸವನಹುಳು, ಎಲೀಸಿಯಾ ಅಂತ ಹೆಸರು, ನಮ್ಮ ಪಶ್ಚಿಮ ಕರಾವಳಿಯಲ್ಲೂ ಕೆಲವು ಜಾತಿ ಸಿಕ್ಕಿವೆ. ಪಾಚಿಯನ್ನು ಇದು ಅಗಿಯುವುದಿಲ್ಲ, ಎಳನೀರಿನ ಬೊಂಡಕ್ಕೆ ತೂತು ಹೊಡೆದು ಕುಡಿದ ಹಾಗೆ ಹಲ್ಲಿನಿಂದ ಚುಚ್ಚಿ ಒಳಗಿನ ರಸ ಹೀರುತ್ತದೆ. ಹೀರಿದ್ದರಲ್ಲಿ ಬಿಸಿಲಿನಿಂದ ಆಹಾರ ಮಾಡುವ ಹಸಿರು ಕಣಗಳೂ ಇರುತ್ತವೆ, ಅವೇ ಕ್ಲೋರೋಪ್ಲಾಸ್ಟ್. ಅವನ್ನು ಜೀರ್ಣ ಮಾಡದೆ ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಅಲ್ಲೂ ಅವು ಕೆಲಸ ಮಾಡುತ್ತವೆ! ಅಮೆರಿಕದ ಪೂರ್ವ ಕರಾವಳಿಯ ಎಲೀಸಿಯಾ ಕ್ಲೋರೋಟಿಕಾ ಮರಿಯಲ್ಲಿ ಕಂದು, ವೌಚೇರಿಯಾ ಎಂಬ ಪಾಚಿ ಕುಡಿದ ಮೇಲೆ ಎಲೆಹಸಿರು, ಆಮೇಲೆ ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು. ಎಲ್ಲ ಜಾತಿಯೂ ಇಷ್ಟು ಗಟ್ಟಿಯಲ್ಲ, ಕೆಲವಕ್ಕೆ ಕದ್ದ ಮಾಲು ಕೆಲವೇ ದಿನ. ಬರೀ ಬಿಸಿಲಿನಿಂದಲೇ ಬದುಕುತ್ತದೆ ಅನ್ನುವುದೂ ಸ್ವಲ್ಪ ಜಾಸ್ತಿಯಾಯಿತು. ಇದೇ ಬಳಗದ ಬೇರೆ ಹುಳುಗಳನ್ನು ಕತ್ತಲಲ್ಲಿಟ್ಟು ನೋಡಿದಾಗ ಅವೂ ತಿಂಗಳುಗಟ್ಟಲೆ ಬದುಕಿದ್ದು 2014ರಲ್ಲಿ ವರದಿಯಾಗಿದೆ. ಇನ್ನೊಂದು ವಿಚಿತ್ರ ಇದೆ. 2021ರಲ್ಲಿ ಜಪಾನಿನವರು ಎಲೀಸಿಯಾ ಮಾರ್ಜಿನಾಟಾ ತನ್ನ ತಲೆಯನ್ನೇ ಮೈಯಿಂದ ಬಿಡಿಸಿಕೊಂಡು, ಆ ತಲೆಗೆ ಹೊಸ ಮೈ ಬೆಳೆಸಿಕೊಳ್ಳುವುದನ್ನು ತೋರಿಸಿದರು.

ಈಗ ಡಬ್ಬಿ ನೋಡಿ. ಪಾಚಿಯ ಚೂರೊಂದು ತಾನಾಗಿ ಗೋಡೆ ಹತ್ತುತ್ತಿದ್ದರೆ ಅದೇ. ಒಂದು ಸೆಂಟಿಮೀಟರ್ ಇದ್ದರೆ ದೊಡ್ಡದು ಅಂದುಕೊಳ್ಳಿ. ತಲೆಯಲ್ಲಿ ಸುರುಳಿ ಸುತ್ತಿದಂಥ ಎರಡು ಕೊಂಬು, ಅದರ ಹಿಂದೆ ಕಪ್ಪು ಚುಕ್ಕೆಯಂಥ ಕಣ್ಣು, ಎರಡೂ ಬದಿಗೆ ಮಡಚಿದ ರೆಕ್ಕೆ, ಬಿಚ್ಚಿದರೆ ಥೇಟ್ ಎಲೆ. ಫೋಟೋಗೆ ಮೊಬೈಲಿನ ಮ್ಯಾಕ್ರೋ ಸಾಕು, ಬೆರಳಿಂದ ಹಿಡಿಯಲು ಹೋಗಬೇಡಿ, ಮೈ ಸಿಂಬಳದಷ್ಟು ಮೆತ್ತಗೆ. ಮನೆಗೆ ತಂದು ಬಾಟಲಿಯಲ್ಲಿ ಸಾಕುತ್ತೇನೆ ಅಂತ ನಾನೂ ಒಮ್ಮೆ ಹೊರಟಿದ್ದೆ, ಮರುದಿನಕ್ಕೇ ಸತ್ತಿತ್ತು.

ಪಚ್ಚಿಲೆ, ಅಂದರೆ ಬಂಡೆಗೆ ಅಂಟಿಕೊಂಡಿರುವ ಚಿಪ್ಪು, ತೆಗೆಯುವವರು ವಾಪಸ್ ಹೊರಟರೆ ನೀವೂ ಹೊರಡಿ, ನೀರು ಏರತೊಡಗಿದೆ ಅಂತ ಅರ್ಥ. ಡಬ್ಬಿಯನ್ನು ತೆಗೆದ ಗುಂಡಿಗೇ ಸುರಿಯಿರಿ, ಪಾಚಿ ಸಮೇತ.