ಹಿಮಕ್ಕೆ ಹೊರಟವರಿಗೆ ಯಾವ ಕ್ಯಾಮೆರಾ? ರಾಯಚೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಶಕ್ತಿನಗರಕ್ಕೋ, ಕೃಷಿ ವಿಶ್ವವಿದ್ಯಾಲಯಕ್ಕೋ, ಯಾವುದೋ ಬ್ಯಾಂಕಿಗೋ ವರ್ಗವಾಗಿ ಬಂದವರು ನಮ್ಮ ಕನ್ನಡ ಸಂಘಕ್ಕೆ ಸೇರಿದ ಮೊದಲ ತಿಂಗಳಲ್ಲೇ ಎರಡು ಪ್ರಶ್ನೆ ಕೇಳುತ್ತಾರೆ. ಇಲ್ಲಿನ ಬೇಸಿಗೆ ತಡೆಯೋದು ಹೇಗೆ ಅನ್ನೋದು ಒಂದು. ಜನವರಿಯಲ್ಲಿ ಸಂಘದ ಜೊತೆ ಕಾಶ್ಮೀರದ ಗುಲ್ಮಾರ್ಗ್‌ಗೆ, ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಯಲು ಹೋಗುವಾಗ ಯಾವ ಕ್ಯಾಮೆರಾ ತಗೋಬೇಕು ಅನ್ನೋದು ಇನ್ನೊಂದು. ಬೇಸಿಗೆಯ ಬಗ್ಗೆ ಬೇರೆಯಾಗಿ ಬರೆದಿದ್ದೇವೆ. ಇದು ಕ್ಯಾಮೆರಾ ವಿಷಯ.

ಅಂಗಡಿಗೆ ಹೋದರೆ ಮೊದಲು ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ. ಅದನ್ನು ಪಕ್ಕಕ್ಕಿಡಿ. ಸ್ಕೀ ಕಟ್ಟಿಕೊಂಡು ಇಳಿಜಾರಿನಲ್ಲಿ ನಿಂತಾಗ ನಿಮ್ಮ ಎರಡೂ ಕೈಯಲ್ಲಿ ಕೋಲು ಇರುತ್ತದೆ, ಕೈಗೆ ದಪ್ಪ ಗ್ಲೌಸ್ ಇರುತ್ತದೆ. ಆಗ ಜೇಬಿನಿಂದ ಕ್ಯಾಮೆರಾ ತೆಗೆದು, ಆನ್ ಮಾಡಿ, ಒಂದು ಫೋಟೊ ಹೊಡೆದು, ವಾಪಸ್ ಇಟ್ಟು ಜಿಪ್ ಎಳೆಯಲು ಆಗುತ್ತದಾ? ನೋಡಬೇಕಾದ್ದು ಇಷ್ಟೇ. ರಾಯಚೂರಿನಲ್ಲಿ ಯಾರ ಮನೆಯಲ್ಲೂ ಅಂಥ ಗ್ಲೌಸ್ ಇರುವುದಿಲ್ಲ, ಅದಕ್ಕೆ ಎರಡು ಜೊತೆ ಸಾಕ್ಸ್ ತಗೊಂಡು ಹೋಗಿ, ಕೈಗೆ ಹಾಕಿಕೊಂಡು ಗುಂಡಿ ಒತ್ತಿ ನೋಡಿ. ಅಂಗಡಿಯವರು ನಕ್ಕರೆ ನಗಲಿ.

ಕಲಿಯುವವರು ದೊಡ್ಡ ಡಿಎಸ್ಎಲ್ಆರ್ ಕೊರಳಿಗೆ ಹಾಕಿಕೊಂಡು ಹೋಗಲೇಬೇಡಿ. ಮೊದಲ ದಿನ ಎಲ್ಲರೂ ಬೀಳುತ್ತಾರೆ, ಮತ್ತೆ ಮತ್ತೆ ಬೀಳುತ್ತಾರೆ, ಬಿದ್ದಾಗ ಆ ಭಾರದ ಕ್ಯಾಮೆರಾ ಎದೆಗೋ ಬಾಯಿಗೋ ಬಡಿಯುತ್ತದೆ. ಪ್ಯಾಂಟಿನ ಹಿಂದಿನ ಜೇಬೂ ಬೇಡ. ಜಾಕೆಟ್‌ನ ಜಿಪ್ ಇರುವ ಜೇಬಲ್ಲಿ ಕೂರುವಷ್ಟು ಚಿಕ್ಕದಾಗಿರಲಿ. ಆದರೆ ಮನೆಯಲ್ಲಿ ಒಬ್ಬರು ಸ್ಕೀ ಮಾಡದೆ ಕೆಳಗೆ ಮಕ್ಕಳನ್ನು ನೋಡುತ್ತಾ ನಿಲ್ಲುತ್ತಾರೆ ಅಂದರೆ, ಅವರ ಕೈಗೆ ಜಾಸ್ತಿ ಆಪ್ಟಿಕಲ್ ಜೂಮ್ (ಲೆನ್ಸೇ ದೂರದ್ದನ್ನು ಹತ್ತಿರ ತರುವುದು) ಇರುವ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರುವ ಕ್ಯಾಮೆರಾ ಕೊಡಿ. ಬಿಸಿಲು ಹಿಮದ ಮೇಲೆ ಬಿದ್ದಾಗ ಹಿಂದಿನ ಸ್ಕ್ರೀನ್‌ನಲ್ಲಿ ಏನೂ ಕಾಣುವುದಿಲ್ಲ. ನಮ್ಮೂರ ಏಪ್ರಿಲ್ ಬಿಸಿಲು ನೋಡಿದವರಿಗೂ ಆ ಬೆಳಕು ಹೊಸದು.

ನೀರು, ಪೆಟ್ಟು, ಚಳಿ ಮೂರನ್ನೂ ತಡೆಯುವ ಚಿಕ್ಕ ಕ್ಯಾಮೆರಾಗಳಿವೆ. ಒಲಿಂಪಸ್ ಟಿಜಿ-6, ಅದರ ನಂತರ 2023ರಲ್ಲಿ ಓಎಂ ಸಿಸ್ಟಮ್ ಹೆಸರಿನಲ್ಲಿ ಬಂದ ಟಿಜಿ-7 ಈ ಜಾತಿಯವು. 15 ಮೀಟರ್ ಆಳದ ನೀರು, 2.1 ಮೀಟರ್ ಎತ್ತರದಿಂದ ಬೀಳುವುದು, ಮೈನಸ್ 10 ಡಿಗ್ರಿ ಚಳಿ, ಇಷ್ಟನ್ನು ತಡೆಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಸಾಮಾನ್ಯ ಕ್ಯಾಮೆರಾಗಳ ಪುಸ್ತಕದಲ್ಲಿ ನೋಡಿ, ಹೆಚ್ಚಾಗಿ 0ಯಿಂದ 40 ಡಿಗ್ರಿ ಅಂತ ಬರೆದಿರುತ್ತದೆ. ಈ ಟಿಜಿ ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ಇಲ್ಲ, ಜೂಮ್ ಬರೀ 4 ಪಟ್ಟು. ಆದರೂ ಕಲಿಯಲು ಹೋಗುವ ಕುಟುಂಬಕ್ಕೆ ಒಂದೇ ಕ್ಯಾಮೆರಾ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹೆಲ್ಮೆಟ್‌ಗೋ ಎದೆಗೋ ಕಟ್ಟಿಕೊಳ್ಳುವ ಪುಟ್ಟ ಕ್ಯಾಮೆರಾ ಗೋಪ್ರೊ ವಿಡಿಯೊಗೆ ಚೆಂದ, 10 ಮೀಟರ್ ನೀರು ತಡೆಯುತ್ತದೆ. ಆದರೆ ಅದರ ನೋಟ ತುಂಬಾ ಅಗಲ. ಇಪ್ಪತ್ತು ಅಡಿ ದೂರದ ಮಗಳು ಇರುವೆಯಷ್ಟಾಗುತ್ತಾಳೆ, ಕಡಿದಾದ ಇಳಿಜಾರು ಮೈದಾನದ ಹಾಗೆ ಕಾಣುತ್ತದೆ.

ಫೋನ್ ಸಾಕಲ್ವಾ ಅಂತ ಕೇಳುತ್ತೀರಿ. ಕೆಳಗಡೆ ನಿಂತು ತೆಗೆಯಲು ಸಾಕು. ಮೇಲೆ ಹೋದಾಗ ಗ್ಲೌಸ್ ತೆಗೆಯದೆ ಸ್ಕ್ರೀನ್ ಮುಟ್ಟಲಾಗುವುದಿಲ್ಲ, ಐಫೋನ್ ಕೂಡ 0 ಡಿಗ್ರಿಗಿಂತ ಮೇಲಿನ ಹವೆಗೇ ಮಾಡಿದ್ದು. ಚಳಿಗೆ ಫೋನ್ ಆರಿಹೋದರೆ ಫೋಟೊ ಅಷ್ಟೇ ಅಲ್ಲ, ಮನೆಯವರನ್ನು ಕರೆಯುವ ದಾರಿಯೂ ಹೋಯಿತು. ಇನ್ನೊಂದು, ನಿಮ್ಮ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಫೋಟೊಗಳನ್ನು ಅಲ್ಲಿಂದಲೇ ಆನ್‌ಲೈನ್‌ಗೆ ಹಾಕಿಬಿಡುತ್ತೇನೆ ಅಂತ ನಂಬಿ ಕೂರಬೇಡಿ, ಮೆಮೊರಿ ಕಾರ್ಡ್ ಎರಡು ಇಟ್ಟುಕೊಳ್ಳಿ.

ಬ್ಯಾಟರಿ ತೆಗೆದು ಹಾಕುವಂಥ ಕ್ಯಾಮೆರಾನೇ ತಗೊಳ್ಳಿ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಗೊಂಡೋಲಾದ (ಮೇಲಕ್ಕೆ ಒಯ್ಯುವ ಕೇಬಲ್ ಕಾರ್) ಎರಡನೇ ಹಂತ ಅಫರ್ವತ್ ಬೆಟ್ಟದ ಹತ್ತಿರ 3,900 ಮೀಟರ್ ದಾಟುತ್ತದೆ. ಅಲ್ಲಿನ ಗಾಳಿಗೆ ತುಂಬಿದ ಬ್ಯಾಟರಿಯೂ ಸ್ವಲ್ಪ ಹೊತ್ತಲ್ಲೇ ಖಾಲಿ ಅಂತ ತೋರಿಸುತ್ತದೆ. ಅದು ನಿಜವಾಗಿ ಖಾಲಿ ಆಗಿರುವುದಿಲ್ಲ, ಚಳಿಗೆ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿರುತ್ತದೆ. ಎರಡನೇ ಬ್ಯಾಟರಿಯನ್ನು ಸ್ವೆಟರ್ ಒಳಗೆ ಮೈಗೆ ತಾಗುವಂತೆ ಇಟ್ಟಿರಿ, ಸೋತದ್ದನ್ನು ಅಲ್ಲಿಗೆ ಹಾಕಿ, ಬೆಚ್ಚಗಿದ್ದದ್ದನ್ನು ಕ್ಯಾಮೆರಾಕ್ಕೆ ಹಾಕಿ. ಸೋತದ್ದು ಅರ್ಧ ಗಂಟೆಯಲ್ಲಿ ಮತ್ತೆ ಜೀವ ತಗೊಳ್ಳುತ್ತದೆ. ವಿಮಾನದಲ್ಲಿ ಹೋಗುವುದಾದರೆ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರಲಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿವರೆಗೆ ಹೋಗುವವರಿಗೆ ಅಲ್ಲಿಯವರೆಗೆ ಆ ಚಿಂತೆ ಇಲ್ಲ.

ನಾನು ಕ್ಯಾಮೆರಾ ಕಳಕೊಂಡದ್ದು ಬಿದ್ದಾಗ ಅಲ್ಲ, ಒಳಗೆ ಬಂದಾಗ. ಸಂಜೆ ಕೈ ಕೊರೆಯುತ್ತಿತ್ತು. ನೇರ ಕೋಣೆಗೆ ಬಂದು ಬುಖಾರಿ ಒಲೆಯ ಪಕ್ಕ ಕೂತು ಮಕ್ಕಳಿಗೆ ಫೋಟೊ ತೋರಿಸಲು ಕ್ಯಾಮೆರಾ ಆನ್ ಮಾಡಿದೆ. ತಣ್ಣನೆಯ ಚೊಂಬಿನ ಹೊರಗೆ ನೀರು ಕಟ್ಟುವ ಹಾಗೆ ಲೆನ್ಸ್ ಒಳಗೂ ಹೊರಗೂ ಹನಿ ಕಟ್ಟಿತು, ರಾತ್ರಿಯೊಳಗೆ ಅದು ಪೂರ್ತಿ ಸತ್ತಿತು. ಆ ದಿನ ಮಗ ಮೊದಲ ಸಲ ಬೀಳದೆ ಕೆಳಗೆ ಬಂದಿದ್ದ. ಕಾರ್ಡ್ ಉಳಿಯಿತು, ಅದೊಂದು ಸಮಾಧಾನ. ನೀವು ಹೀಗೆ ಮಾಡಬೇಡಿ. ಹೊರಗೆ ಇರುವಾಗಲೇ ಕಾರ್ಡ್ ತೆಗೆದು ಜೇಬಿಗೆ ಹಾಕಿ, ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಿ, ಆಮೇಲೆ ಒಳಗೆ ಬನ್ನಿ. ಒಂದೆರಡು ಗಂಟೆ ಕವರ್ ತೆರೆಯಬೇಡಿ. ಹನಿ ಕವರ್ ಮೇಲೆ ಕಟ್ಟುತ್ತದೆ, ಕ್ಯಾಮೆರಾ ಒಣಗಿರುತ್ತದೆ. ಲೆನ್ಸ್ ಮೇಲೆ ಬಾಯಿಂದ ಊದಿ ಒರೆಸುವ ಅಭ್ಯಾಸವನ್ನೂ ಬಿಡಬೇಕು, ಅಲ್ಲಿ ಉಸಿರು ಗಾಜಿನ ಮೇಲೇ ಹೆಪ್ಪುಗಟ್ಟುತ್ತದೆ.

ಕೊನೆಗೆ ಹಿಮದ ಬಣ್ಣ. ಎದುರಿಗಿರುವುದು ಹಿಮವೋ ಮಣ್ಣಿನ ಗೋಡೆಯೋ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್‌ಗೆ ಗೊತ್ತಾಗುವುದಿಲ್ಲ, ಎಲ್ಲವನ್ನೂ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಅದಕ್ಕೇ ಮೊದಲ ಸಲ ಹೋದವರ ಫೋಟೊದಲ್ಲಿ ಹಿಮ ಶಕ್ತಿನಗರದ ಹಾರುಬೂದಿಯಂತೆ ಇರುತ್ತದೆ, ಮುಖಗಳು ಕಪ್ಪಾಗಿರುತ್ತವೆ. ಪ್ಲಸ್ ಮೈನಸ್ ಗುರುತಿನ ಗುಂಡಿ ಒತ್ತಿ ಬೆಳಕನ್ನು ಪ್ಲಸ್ 1ಕ್ಕೆ ಏರಿಸಿ, ಒಳ್ಳೆ ಬಿಸಿಲಿದ್ದರೆ ಪ್ಲಸ್ 2ರವರೆಗೂ ಹೋಗಬಹುದು. ಕೆಲವು ಕ್ಯಾಮೆರಾಗಳಲ್ಲಿ ಸ್ನೋ ಅಂತ ಬೇರೆ ಮೋಡ್ ಇರುತ್ತದೆ, ಅದು ಮಾಡುವುದೂ ಇದನ್ನೇ. ಗ್ಲೌಸ್ ಹಾಕಿಕೊಂಡು ಈ ಗುಂಡಿ ಸಿಗುತ್ತದಾ ಅಂತ ಕೊಳ್ಳುವಾಗಲೇ ನೋಡಿ.

ಇದನ್ನು ಅಭ್ಯಾಸ ಮಾಡಲು ಕಾಶ್ಮೀರದವರೆಗೆ ಕಾಯಬೇಕಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಹತ್ತಿ ಮಾರುಕಟ್ಟೆಗೆ ಬನ್ನಿ. ಬಿಸಿಲಲ್ಲಿ ಹತ್ತಿ ರಾಶಿ ಬಿದ್ದಿರುತ್ತದೆ, ಬೆಳ್ಳಗೆ, ಕಣ್ಣು ಕುಕ್ಕುವಷ್ಟು. ವ್ಯಾಪಾರಿಗಳನ್ನು ಕೇಳಿಕೊಂಡು ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ, ಸುಮ್ನೆ ಒಂದು ಫೋಟೊ ತೆಗೆಯಿರಿ, ಆಮೇಲೆ ಪ್ಲಸ್ 1, ಆಮೇಲೆ ಪ್ಲಸ್ 2. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಾನೇ ತಿಳಿಯುತ್ತದೆ. ವೇಗವಾಗಿ ಸಾಗುವವರ ಫೋಟೊಗೆ, ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬರುವ ಹುಡುಗನನ್ನು ಹಿಡಿಯಿರಿ, ಶಟರ್ ವೇಗ ನಾವೇ ಇಡಬಹುದಾದ ಕ್ಯಾಮೆರಾ ಆದರೆ ಅದನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ ಇಟ್ಟು.

ಸಂಘದಲ್ಲಿ ಎರಡು ಚಿಕ್ಕ ಕ್ಯಾಮೆರಾಗಳಿವೆ, ಹೊಸ ಕುಟುಂಬದವರು ಒಂದು ವಾರ ಮನೆಗೆ ಒಯ್ಯಬಹುದು. ಕೊಳ್ಳುವ ಮೊದಲು ಅದನ್ನು ಕೈಯಲ್ಲಿ ಹಿಡಿದು ನೋಡಿ. ಸಾಕ್ಸ್ ಮಾತ್ರ ನೀವೇ ತನ್ನಿ.